ಏರಿದವರ ಮಾತು, ಇಳಿದವರ ಮಾತು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬ ಅಂದಮೇಲೆ ಸಾಲ, ಠೇವಣಿ, ಲಾಭಾಂಶ ಇವುಗಳ ಮಾತು ಇದ್ದೇ ಇರುತ್ತೆ. ಅದನ್ನೆಲ್ಲ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಓದಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಬೇರೆ. ಪರ್ವತ ಹತ್ತಿದವರು, ಹೊಸ ನೆಲ ಹುಡುಕಿಕೊಂಡು ಹೋದವರು ಊರೂರು ತಿರುಗಿ ಮಾಡಿದ ಭಾಷಣಗಳ ಬಗ್ಗೆ ಮಾತಾಡಿ ಅಂದಿದ್ದಾರೆ. ಊರಿಗಾಂ ಸುತ್ತಮುತ್ತಲ ರಾಗಿ ಬೆಳೆಯೋ ನಮಗೂ ಹಿಮಾಲಯಕ್ಕೂ ಏನಪ್ಪಾ ಸಂಬಂಧ ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಸಂಬಂಧ ಇದೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಸಾಹಸಿಗಳು ಭಾಷಣ ಮಾಡಿದ್ದು ಕೀರ್ತಿಗಾಗಿ ಮಾತ್ರ ಅಲ್ಲ, ಹೊಟ್ಟೆಪಾಡಿಗಾಗಿ ಕೂಡ. ಶ್ಯಾಕಲ್ಟನ್ ಎಂಬಾತ 1909ರಲ್ಲಿ ದಕ್ಷಿಣ ಧ್ರುವಕ್ಕೆ ಇನ್ನು ಸುಮಾರು 180 ಕಿಲೋಮೀಟರ್ ಇರುವಾಗ, ಮುಂದೆ ಹೋದರೆ ಜೀವ ಉಳಿಯದು ಎಂದು ಹಿಂದಿರುಗಿದ. ಮನೆಗೆ ಬಂದರೆ ತಲೆ ಮೇಲೆ ಸಾಲದ ಹೊರೆ! ನಾವು ಬೆಳೆ ಮಾರಿ ಸಾಲ ತೀರಿಸ್ತೀವಿ, ಆತ ಮಾತು ಮಾರಿ ತೀರಿಸಲು ಹೊರಟ. ಯೂರೋಪು, ಅಮೆರಿಕ ಎಲ್ಲ ಸುತ್ತಿ ಗಾಜಿನ ಸ್ಲೈಡು ತೋರಿಸಿ ಉಪನ್ಯಾಸ ಕೊಟ್ಟ. ಎವರೆಸ್ಟ್ ಹತ್ತಲು ಹೋದ ಮ್ಯಾಲರಿ 1923ರಲ್ಲಿ ಅಮೆರಿಕಕ್ಕೆ ಇಂಥದ್ದೇ ಭಾಷಣ ಪ್ರವಾಸ ಹೋಗಿದ್ದ. ಯಾಕಯ್ಯಾ ಆ ಬೆಟ್ಟ ಹತ್ತಬೇಕು ಅಂತ ಕೇಳಿದ್ದಕ್ಕೆ, ಅದು ಅಲ್ಲಿದೆ, ಅದಕ್ಕೇ ಎಂದನಂತೆ. ಮರುವರ್ಷ ಅದೇ ಬೆಟ್ಟದಲ್ಲಿ ತೀರಿಕೊಂಡ.

ಆದರೆ ನಮಗೆ ಇವರೆಲ್ಲರಿಗಿಂತ ತೇನ್‌ಸಿಂಗ್ ಹತ್ತಿರದವರು. 1953ರ ಮೇ 29ರಂದು ಹಿಲರಿ ಜೊತೆ ಎವರೆಸ್ಟ್ ನೆತ್ತಿ ಮುಟ್ಟಿದ ತೇನ್‌ಸಿಂಗ್ ನೋರ್ಗೆ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹಲವು ಭಾಷೆ ಮಾತಾಡುತ್ತಿದ್ದರು, ಬರೆಯಲು ಮಾತ್ರ ಬಾರದು. ಹಾಗಂತ ಅವರ ಕತೆ ಮಣ್ಣುಪಾಲಾಗಲಿಲ್ಲ. ಅವರು ಹೇಳಿದರು, ಉಲ್ಮನ್ ಎಂಬ ಅಮೆರಿಕದ ಲೇಖಕರು ಕೂತು ಕೇಳಿ ಬರೆದರು, 1955ರಲ್ಲಿ ಪುಸ್ತಕವಾಯ್ತು. ಹೇಳುವವನಿಗೆ ಅಕ್ಷರ ಬೇಕಿಲ್ಲ, ಕೇಳುವವನಿಗೆ ವ್ಯವಧಾನ ಬೇಕು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದ ಕೆಲಸ ಇದೆ.

ಇನ್ನು 1965ನೇ ಇಸವಿಗೆ ಬರೋಣ. ಆ ವರ್ಷ ಮೇ ತಿಂಗಳಲ್ಲಿ ಎಂ.ಎಸ್. ಕೊಹ್ಲಿಯವರ ನಾಯಕತ್ವದ ಭಾರತೀಯ ತಂಡದ ಒಂಬತ್ತು ಮಂದಿ ಎವರೆಸ್ಟ್ ಶಿಖರದ ಮೇಲೆ ನಿಂತರು. ಅವರಲ್ಲಿ ಅಹ್ಲುವಾಲಿಯಾ ಎಂಬ ಸೇನಾಧಿಕಾರಿ ಅದೇ ವರ್ಷದ ಪಾಕಿಸ್ತಾನ ಯುದ್ಧದಲ್ಲಿ ಗುಂಡೇಟು ತಿಂದು, ಮುಂದೆ ಗಾಲಿಕುರ್ಚಿಯಲ್ಲೇ ಬಾಳಬೇಕಾಯಿತು. ಆದರೂ ತಮ್ಮ ಕತೆಯನ್ನು ಪುಸ್ತಕ ಬರೆದು ಜನಕ್ಕೆ ಮುಟ್ಟಿಸಿದರು.

ಸರಿ, ಅದೇ 1965ರಲ್ಲಿ ನಮ್ಮ ಕಾಲ ಕೆಳಗೆ ಏನು ನಡೀತಿತ್ತು, ಗೊತ್ತೇ? ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರ ಜೊತೆ ಸೇರಿ ನ್ಯೂಟ್ರಿನೊ ಎಂಬ ಕಣಕ್ಕೆ ಬಲೆ ಬೀಸಿ ಕೂತಿದ್ದರು. ಈ ಕಣ ಇಡೀ ಭೂಮಿಯನ್ನೇ ತೂರಿಕೊಂಡು ಹೋಗುವಂಥದ್ದು. ನೆಲದ ಮೇಲೆ ಆಕಾಶದಿಂದ ಬರುವ ಬೇರೆ ಕಣಗಳ ಗದ್ದಲದಲ್ಲಿ ಇದು ಗುರುತಿಗೆ ಸಿಗೋದಿಲ್ಲ. ಆಳದ ಬಂಡೆ ಆ ಗದ್ದಲವನ್ನು ಜರಡಿ ಹಿಡಿದ ಹಾಗೆ ಸೋಸಿಬಿಡುತ್ತೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಜಗತ್ತಿನಲ್ಲಿ ಮೊದಲು ಗುರುತಿಗೆ ಸಿಕ್ಕ ಜಾಗಗಳು ಎರಡೇ, ಒಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿ, ಇನ್ನೊಂದು ನಮ್ಮದು. ಆ ಉಪಕರಣಗಳೆಲ್ಲ ಕೆಳಕ್ಕೆ ಹೋದದ್ದು ನಮ್ಮ ಜನ ದಿನಾ ಇಳಿಯುತ್ತಿದ್ದ ಗಣಿಯ ದಾರಿಯಲ್ಲೇ.

ಒಂದೇ ವರ್ಷ, ದೇಶದ ಒಂದು ಗುಂಪು ಮೇಲಕ್ಕೆ, ಇನ್ನೊಂದು ಗುಂಪು ಕೆಳಕ್ಕೆ. ಮೇಲಕ್ಕೆ ಹೋದವರ ಹೆಸರು ಶಾಲೆ ಮಕ್ಕಳ ಬಾಯಲ್ಲಿ ಬಂತು. ಕೆಳಗಿನ ಪ್ರಯೋಗ ವಿಜ್ಞಾನಿಗಳ ಪ್ರಬಂಧದಲ್ಲಿ ಬಂತು. ಅದಕ್ಕೂ ಕೆಳಗೆ ಬಂಡೆ ಕೊರೆಯುತ್ತಿದ್ದವನ ಮಾತು ಎಲ್ಲಿ ಬಂತು?

ಚಾಂಪಿಯನ್ ರೀಫ್ ಕೊನೆಗೆ ಸುಮಾರು 3,200 ಮೀಟರ್ ಆಳ ಮುಟ್ಟಿತು. ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್. ಆ ಎತ್ತರ ಎರಡು ಸಲ ಸೇರಿಸಿದರೂ ನಮ್ಮ ಗಣಿಯ ತಳ ಇನ್ನೂ ಕೆಳಗೇ ಉಳಿಯುತ್ತೆ. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು, ತಂಪು ಮಾಡಿದ ಗಾಳಿ ಇಳಿಸದಿದ್ದರೆ ಮನುಷ್ಯ ನಿಲ್ಲಲಾರ. ಆಳದ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಬೀಳುತ್ತಿತ್ತು. ಪರ್ವತಾರೋಹಿ ಜೀವಮಾನದಲ್ಲಿ ಒಂದೆರಡು ಸಲ ಶಿಖರಕ್ಕೆ ಹೋಗ್ತಾನೆ. ಇವರು ವಾರಕ್ಕೆ ಆರು ದಿನ ಶಿಫ್ಟ್ ಪ್ರಕಾರ ಹೋಗಿ ಬಂದರು. ಯಾಕೆ ಇಳಿದಿರಿ ಅಂತ ಕೇಳಿದರೆ ಮ್ಯಾಲರಿ ಹೇಳಿದ ಉತ್ತರ ಇವರ ಬಾಯಲ್ಲಿ ಬರೋದಿಲ್ಲ, ಮನೇಲಿ ಒಲೆ ಉರೀಬೇಕಲ್ಲ ಸ್ವಾಮಿ ಅಂತಾರೆ. ನಮ್ಮ ಮಟ್ಟಿಗೆ ಇದೇ ತೂಕದ ಉತ್ತರ.

ಎಂಜಿನಿಯರುಗಳಿಗೆ ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿ ಎಂಬ ತಮ್ಮದೇ ಸಂಘ ಇತ್ತು. ಅಲ್ಲಿ ಓದಿದ ಪ್ರಬಂಧಗಳು ಬುಲೆಟಿನ್‌ನಲ್ಲಿ ಅಚ್ಚಾಗಿ ಉಳಿದಿವೆ. ಕಾರ್ಮಿಕರಿಗೆ ಯೂನಿಯನ್ ವೇದಿಕೆ ಇತ್ತು ನಿಜ, ಅಲ್ಲಿ ಕೂಲಿ, ಬೋನಸ್ಸಿನ ಮಾತು ನಡೆಯಿತು, ಅದೂ ನಡೆಯಲೇಬೇಕಿತ್ತು. ಆದರೆ ಕೇಜ್ ಇಳಿಯುವಾಗ ಕಿವಿ ಹೇಗೆ ಕಟ್ಟುತ್ತೆ, ಬಂಡೆ ಸಿಡಿಯುವ ಮುಂಚೆ ಎಂಥ ಸದ್ದು ಬರುತ್ತೆ, ಕತ್ತಲಲ್ಲಿ ಜೊತೆಗಾರನನ್ನು ಹೇಗೆ ಗುರುತು ಹಿಡೀತಾರೆ, ಇದನ್ನೆಲ್ಲ ಹೇಳಿ ಎಂದು ಕುರ್ಚಿ ಹಾಕಿ ಕೂರಿಸಿದವರು ಯಾರೂ ಇಲ್ಲ.

ಊರಿಗಾಂ ಜನರ ಮಾತು ಬರವಣಿಗೆಗೆ ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ ಇದೆ. 1802ರಲ್ಲಿ ಗಡಿ ಅಳತೆಗೆ ಬಂದಿದ್ದ ಲೆಫ್ಟಿನೆಂಟ್ ವಾರೆನ್ ಇಲ್ಲಿ ಚಿನ್ನದ ಸುದ್ದಿ ಕೇಳಿ ವಿಚಾರಿಸಿದಾಗ, ನಮ್ಮ ಹಳ್ಳಿಗಳವರೇ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದರು. ಆತ ವರದಿ ಬರೆದಿಟ್ಟ. ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೆ, ಅದನ್ನು ಓದಿದ ಲಾವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಇಲ್ಲಿಗೆ ಬಂದ. ಗಣಿ, ರೈಲು, 1902ರಲ್ಲಿ ಶಿವನಸಮುದ್ರದ ಕರೆಂಟು, ಎಲ್ಲ ಆಮೇಲೆ. ಮಣ್ಣು ತೊಳೆದವರ ಹೆಸರನ್ನು ಮಾತ್ರ ಇವತ್ತು ಯಾರೂ ಹೇಳೋದಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಮ್ಮ ಸಂಘ ಶುರುವಾದದ್ದೂ ಅದೇ ಸುಮಾರಿಗೆ. ಅದಕ್ಕೂ ಇಪ್ಪತ್ತೈದು, ಇದಕ್ಕೂ ಇಪ್ಪತ್ತೈದು. ಅವತ್ತು ಐವತ್ತು ವರ್ಷದ ಅನುಭವಸ್ಥ ಮೇಸ್ತ್ರಿ ಆಗಿದ್ದವರಿಗೆ ಈಗ ಎಪ್ಪತ್ತೈದು. ವಯಸ್ಸು ಒಂದೇ ಆಗಿದ್ದರೆ ಪರವಾಗಿಲ್ಲ, ಎದೆಯೊಳಗೆ ಗಣಿಯ ಧೂಳೂ ಇದೆ. 1940ರ ದಶಕದಲ್ಲಿ ವೈದ್ಯರು ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ಶೇಕಡ 43.7 ಮಂದಿಗೆ ಸಿಲಿಕೋಸಿಸ್ ಇದ್ದದ್ದು ಕಂಡುಬಂತು. ಆಮೇಲೆ ನೀರು ಹಾಯಿಸಿ ಕೊರೆಯೋದು, ಗಾಳಿ ವ್ಯವಸ್ಥೆ ಎಲ್ಲ ಸುಧಾರಿಸಿತು ಅಂತಿಟ್ಟುಕೊಂಡರೂ, ಈ ಸಭೆಯಲ್ಲೇ ಕೆಮ್ಮಿನ ಸದ್ದು ನಮಗೆಲ್ಲ ಕೇಳಿಸ್ತಾ ಇದೆ. ಉಸಿರು ಇರೋ ತನಕ ತಾನೇ ಮಾತು.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಒಂದು ಬೇಡಿಕೆ ಇಡ್ತೀವಿ. ತಿಂಗಳಿಗೆ ಒಂದು ಸಂಜೆ, ಸಾಯಂಕಾಲದ ಹಾಲು ಹಾಕಿ ಮುಗಿದ ಮೇಲೆ, ಸಂಘದ ಈ ಹಾಲ್ ಬಿಟ್ಟುಕೊಡಿ. ಒಬ್ಬರು ಹಿರಿಯರು ಮಾತಾಡಲಿ, ಅರ್ಧ ಗಂಟೆ ಸಾಕು, ಸುಸ್ತಾದರೆ ಕಾಲು ಗಂಟೆ. ತಮಿಳಿನಲ್ಲಿ ಹೇಳುವವರು ತಮಿಳಿನಲ್ಲೇ ಹೇಳಲಿ, ತೆಲುಗಿನವರು ತೆಲುಗಿನಲ್ಲಿ. ಕೇಜಿನೊಳಗೆ ಯಾರೂ ಭಾಷೆ ಕೇಳಿ ಹತ್ತಿಸಿಕೊಳ್ಳಲಿಲ್ಲ. ಕಾಲೇಜು ಹುಡುಗರು ಮೊಬೈಲಿನಲ್ಲಿ ಮುದ್ರಿಸಿಕೊಂಡು ಆಮೇಲೆ ಬರೆದು ತೆಗೀಲಿ. ಬರೆದದ್ದನ್ನು ಹೇಳಿದವರಿಗೆ ಒಮ್ಮೆ ಓದಿ ಹೇಳಬೇಕು, ಬೇಡ ಅಂದ ಭಾಗ ತೆಗೀಬೇಕು. ಒಂದು ಪ್ರತಿ ಸಂಘದ ಬೀರುವಿನಲ್ಲಿ, ಒಂದು ಅವರ ಮನೆಗೆ. ಖರ್ಚು ಅಂದರೆ ಕಾಗದ, ಜೆರಾಕ್ಸು, ಮತ್ತೆ ಬಂದವರಿಗೆ ಟೀ. ಹೆಣ್ಣುಮಕ್ಕಳನ್ನೂ ಮರೆಯಬಾರದು. ಶಿಫ್ಟ್ ಮುಗಿದರೂ ಗಂಡ ಬಾರದೆ, ಶಾಫ್ಟ್ ಬಾಯಿಯ ಹತ್ತಿರ ಕಾದು ನಿಂತವರ ಹತ್ತಿರ ಬೇರೆಯೇ ಕತೆ ಇದೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಊಟಕ್ಕೆ ಕೂರುವ ಮುಂಚೆ ನಿಮ್ಮ ಮನೆಯ ಅಪ್ಪನದೋ, ತಾತನದೋ, ಮಾವನದೋ ಹೆಸರು ಬರೆಸಿ. ಯಾವ ಗಣಿ, ಯಾವ ಕೆಲಸ, ಎಷ್ಟು ವರ್ಷ, ಇಷ್ಟು ಸಾಕು. ನಡೆದು ಬರಲು ಆಗದವರಿದ್ದರೆ ಅದನ್ನೂ ಬರೆಸಿ, ಹುಡುಗರನ್ನು ಮನೆಗೇ ಕಳಿಸ್ತೀವಿ.