ಊರಿಗೆ ಬಂದವರು ನೀರಿಗೂ ಬರುತ್ತಾರೆ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಲೆಕ್ಕಪತ್ರ, ಬೋನಸ್ಸು, ಕಟ್ಟಡ, ಇವುಗಳ ವಿಚಾರವನ್ನು ನಮಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾವು ಇನ್ನೊಂದು ಲೆಕ್ಕ ಹೇಳಬೇಕೆಂದಿದ್ದೇವೆ. ಅದು ಜನರ ಲೆಕ್ಕ. ಸಂಘ ಶುರುವಾದಾಗ ಈ ಬೆಂಗಳೂರು ಪೂರ್ವದ ಅಂಚಿನಲ್ಲಿ ಯಾರಿದ್ದರು, ಈಗ ಯಾರಿದ್ದಾರೆ, ಅವರ ಬದುಕು ಹೇಗಿದೆ ಅನ್ನೋದು.

2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ರಲ್ಲಿ ಅದು 96 ಲಕ್ಷ ದಾಟಿತು. ಹತ್ತೇ ವರ್ಷದಲ್ಲಿ ನೂರಕ್ಕೆ 47ರಷ್ಟು ಏರಿಕೆ! ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯ ಬೆಳೆದದ್ದು ನೂರಕ್ಕೆ 16ಕ್ಕಿಂತ ಕಡಿಮೆ. ಹಾಗಾದರೆ ನಮ್ಮ ಕಡೆ ಮಕ್ಕಳು ಹೆಚ್ಚು ಹುಟ್ಟಿದರೇ? ಅದೇನೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ, 1.7 ಮಾತ್ರ. ಈ ಪಾಟಿ ಜನ ಹೆಚ್ಚಿದ್ದು ತೊಟ್ಟಿಲಿನಿಂದಲ್ಲ, ಸಾಮಾನು ತುಂಬಿದ ಲಾರಿಯಿಂದ.

ಹೊರಗಿನವರು ಬಂದು ನೆಲೆಸುವುದು ಈ ಸೀಮೆಗೆ ಹೊಸದಲ್ಲ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಸಾರಗಳು ಬೇಸಾಯ ಮಾಡಿಕೊಂಡು ಬದುಕಲಿ ಅಂತ ಸುಮಾರು 3,900 ಎಕರೆ ಕೊಟ್ಟರು. ಅದೇ ವೈಟ್‌ಫೀಲ್ಡ್. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದಲ್ಲಿ ಐ.ಟಿ. ಪಾರ್ಕ್ ಎದ್ದಿತು. 2023ರ ಮಾರ್ಚ್ 25ರಂದು ಕಾಡುಗೋಡಿಗೆ ಮೆಟ್ರೋ ರೈಲೂ ಬಂತು. ದಾರಿ ಹತ್ತಿರವಾದಷ್ಟೂ ಸಂಸಾರಗಳು ದೂರದಿಂದ ಬಂದವು.

ಬಂದವರು ಯಾರು? ಗಂಡ ಹೆಂಡತಿ ಇಬ್ಬರೂ ಕಂಪನಿಯಲ್ಲಿ ದುಡಿಯುವ ಮನೆಗಳಿವೆ. ಬೆಳಿಗ್ಗೆ ಏಳಕ್ಕೆ ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಹೊರಟರೆ ಅವರು ವಾಪಸ್ ಬರೋದು ರಾತ್ರಿಗೆ. ಮೊಮ್ಮಗುವನ್ನು ನೋಡಿಕೊಳ್ಳಲು ಊರಿಂದ ಬಂದ ಅಜ್ಜ ಅಜ್ಜಿ ಇದ್ದಾರೆ. ಹಗಲೆಲ್ಲ ಮಾತಿಗೆ ಜನ ಸಿಗದೆ ಸಂಜೆ ನಮ್ಮ ಅರಳಿಕಟ್ಟೆ ಹುಡುಕಿಕೊಂಡು ಬರುತ್ತಾರೆ. ಆ ಎತ್ತರದ ಕಟ್ಟಡಗಳನ್ನು ಕಟ್ಟಿದವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ರಾಯಚೂರು, ಯಾದಗಿರಿ ಕಡೆಯವರೂ ಉಂಟು, ಒಡಿಶಾ, ಬಂಗಾಳದವರೂ ಉಂಟು. ಮನೆಗೆಲಸದ ಹೆಂಗಸರು, ಸೆಕ್ಯೂರಿಟಿಯವರು, ಬಾಡಿಗೆ ರೂಮಿನ ಹುಡುಗರು, ಎಲ್ಲರೂ ಈ ಊರಿನವರೇ ಆಗಿದ್ದಾರೆ. ಇನ್ನು ಹಳಬರಾದ ನಾವು. ಕೆಲವರು ಜಮೀನು ಮಾರಿದೆವು, ಕೆಲವರು ಬಾಡಿಗೆ ಮನೆ ಕಟ್ಟಿಸಿದೆವು, ಕೆಲವರು ಒಂದೋ ಎರಡೋ ಹಸು ಉಳಿಸಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದೇವೆ. ಮೇಯಿಸುವ ಬೀಳು ಸೈಟುಗಳಾದ ಮೇಲೆ ಹಸಿಹುಲ್ಲನ್ನೂ ದುಡ್ಡು ಕೊಟ್ಟು ತರಬೇಕಾಗಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅಂತ ಗಾದೆ. ಎಲ್ಲರೂ ಕೊನೆಗೆ ಸೇರುವುದು ನೀರಿನ ಹತ್ತಿರವೇ. 2024ರ ಬೇಸಿಗೆ ಯಾರಿಗೂ ಮರೆತಿಲ್ಲ. ಬೆಂಗಳೂರಿನ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಆಗ ಸರ್ಕಾರವೇ ಹೇಳಿತು. ಹಸುವಿಗೂ ಟ್ಯಾಂಕರ್ ನೀರು, ಅಪಾರ್ಟ್‌ಮೆಂಟಿಗೂ ಟ್ಯಾಂಕರ್ ನೀರು. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅವುಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆ ಆದದ್ದು 2024ರ ಅಕ್ಟೋಬರ್ 16ರಂದು. ನಗರಕ್ಕೆ ಸೇರಿದ ಹಳ್ಳಿಯೇ ಹದಿನೇಳು ವರ್ಷ ಕಾಯಬೇಕಾಯಿತು. ಇನ್ನೂ ಪಂಚಾಯಿತಿಯಲ್ಲೇ ಇರುವ ನಾವು ಕೈಕಟ್ಟಿ ಕೂತರೆ ಆಗುತ್ತದೆಯೇ?

ಇಲ್ಲಿ ಜನರ ಲೆಕ್ಕಕ್ಕೂ ನೀರಿನ ಲೆಕ್ಕಕ್ಕೂ ನಂಟಿದೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಆ ಜನ ಎಷ್ಟು ಅಂತ ನೋಡುವುದು ಹಿಂದಿನ ಜನಗಣತಿಯಲ್ಲಿ. 15ನೇ ಹಣಕಾಸು ಆಯೋಗವೂ 2011ರ ಸಂಖ್ಯೆಯನ್ನೇ ಹಿಡಿಯಿತು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಅಂದ್ರೆ ಆಮೇಲೆ ಬಂದ ಸಂಸಾರಗಳು ಕಸ ಹಾಕುತ್ತವೆ, ನೀರು ಕುಡಿಯುತ್ತವೆ, ತೆರಿಗೆ ಕಟ್ಟುತ್ತವೆ, ಆದರೆ ಲೆಕ್ಕದಲ್ಲಿ ಇಲ್ಲ. ಹತ್ತು ಜನರ ಮನೆಗೆ ನಾಲ್ಕು ಜನರ ಅಕ್ಕಿ ಅಳೆದ ಹಾಗೆ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದ ದಿನ ಎಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲೇ ಪ್ರಕಟಿಸಿದೆ. ಎಣಿಸುವವರು ಬಂದಾಗ “ನಮ್ಮ ಅಡ್ರೆಸ್ಸು ಊರಲ್ಲಿದೆ, ಅಲ್ಲೇ ಬರೆಸ್ತೀವಿ” ಅಂತ ಯಾರೂ ವಾಪಸ್ ಕಳಿಸಬಾರದು. ಯಾರು ಎಲ್ಲಿ ವಾಸವಾಗಿದ್ದಾರೋ ಅಲ್ಲಿ ಎಣಿಸಬೇಕು. ಶೆಡ್ಡಿನಲ್ಲಿರುವವರನ್ನೂ ಬಿಡಬಾರದು. ಬಾಡಿಗೆ ಕೊಟ್ಟಿರುವ ಸದಸ್ಯರು ತಮ್ಮ ಮನೆಯವರಿಗೆ ಈ ಮಾತು ತಿಳಿಸಬೇಕು. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನೊಂದು ಕೆಲಸ ನಮ್ಮ ಸೂರಿನ ಮೇಲೇ ಇದೆ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 900 ಮಿಲಿಮೀಟರ್. 30-40 ಸೈಟಿನಷ್ಟು ತಾರಸಿ ಇದ್ದರೆ ಅದರ ಮೇಲೆ ಬೀಳುವ ನೀರು ಒಂದು ಲಕ್ಷ ಲೀಟರು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನಾರು ಲೋಡು! ಅದರಲ್ಲಿ ಅರ್ಧ ಹಿಡಿದು ಇಂಗಿಸಿದರೂ ಕೊಳವೆಬಾವಿಗೆ ಜೀವ ಬರುತ್ತದೆ. ಮೊದಲು ನಮ್ಮ ಡೇರಿ ಕಟ್ಟಡದ ತಾರಸಿಯಿಂದಲೇ ಪೈಪು ಇಳಿಸೋಣ ಎಂಬುದು ನಮ್ಮ ಸಲಹೆ. ಕೆರೆಯ ರಾಜಕಾಲುವೆಗೆ ಮಣ್ಣು ಸುರಿಯುವುದನ್ನು ತಡೆಯಲು ಹಳಬರು ಹೊಸಬರು ಕೂಡಿ ಒಂದು ಸಮಿತಿ ಮಾಡೋಣ. ಕಾಲುವೆ ಎಲ್ಲಿತ್ತು ಅಂತ ನಮ್ಮ ಹಿರಿಯರಿಗೆ ಗೊತ್ತು. ಅರ್ಜಿ ಬರೆದು ಬೆನ್ನು ಹತ್ತುವುದು ಆ ಓದಿದ ಮಕ್ಕಳಿಗೆ ಗೊತ್ತು. ಎರಡೂ ಬೇಕು.

ಸಹಕಾರ ಅನ್ನೋದು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಸಹಕಾರದ ಏಳು ತತ್ವಗಳಲ್ಲಿ ಕೊನೆಯದು ಸಮುದಾಯದ ಬಗೆಗಿನ ಕಾಳಜಿ. ಸಮುದಾಯ ಎಂದರೆ ಷೇರು ಇರುವವರು ಮಾತ್ರವಲ್ಲ, ಬೆಳಿಗ್ಗೆ ನಮ್ಮ ಹಾಲು ಕಾಯಿಸಿ ಮಗುವಿಗೆ ಕುಡಿಸುವ ಆ ಮನೆಯವರೂ ಹೌದು. ಹಸು ಇಲ್ಲದವರು ನಮ್ಮ ಸಂಘದ ಸದಸ್ಯರಾಗಲಾರರು, ಸರಿ. ಊರಿನ ಸದಸ್ಯರಾಗಲು ಹಸು ಬೇಕಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಡೇರಿ ಮುಂದೆ ಸೇರಿ ಸಮಿತಿಯ ಹೆಸರುಗಳನ್ನು ಬರೆಯೋಣ. ಬಡಾವಣೆಯವರೂ ತಪ್ಪದೆ ಬರಬೇಕು.