ವೇಲು ತಂಪಿಯ ಬೆನ್ನಟ್ಟಿದವರು
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಎದುರು ನಿಂತಿರುವ ಪ್ರತಿಮೆಯನ್ನು ತಾವೆಲ್ಲ ಕಂಡಿದ್ದೀರಿ. ಅದು ತಿರುವಾಂಕೂರಿನ ದಳವಾಯಿ ವೇಲು ತಂಪಿಯದು. ದಳವಾಯಿ ಎಂದರೆ ನಮ್ಮ ಮೈಸೂರಿನಲ್ಲಿ ಸೇನಾಪತಿ, ಇಲ್ಲಿ ದಿವಾನ.

1805ರ ಒಪ್ಪಂದದಂತೆ ತಿರುವಾಂಕೂರು ಕಂಪನಿಗೆ ವರ್ಷಕ್ಕೆ 8 ಲಕ್ಷ ರೂಪಾಯಿ ತೆರಬೇಕಾಯಿತು. ಅದಕ್ಕೆ ಮೊದಲು ಒಪ್ಪಿದವರಲ್ಲಿ ತಂಪಿಯೂ ಒಬ್ಬ, ಇದನ್ನು ಮರೆಮಾಚಬಾರದು. ಬಾಕಿ ಬೆಳೆಯಿತು, ರೆಸಿಡೆಂಟ್ ಮೆಕಾಲೆಯ ಕಾಟವೂ ಬೆಳೆಯಿತು. 1808ರ ಡಿಸೆಂಬರ್ 28ರ ರಾತ್ರಿ, ಇದೇ ಕೊಚ್ಚಿಯಲ್ಲಿ, ತಂಪಿಯ ಜನರೂ ಕೊಚ್ಚಿಯ ಮಂತ್ರಿ ಪಾಲಿಯತ್ತಚ್ಚನ ಜನರೂ ರೆಸಿಡೆಂಟನ ಮನೆಗೆ ನುಗ್ಗಿದರು. ಮೆಕಾಲೆ ಹೇಗೋ ಪಾರಾಗಿ ಹಡಗು ಸೇರಿದ.

1809ರ ಫೆಬ್ರವರಿ 10ರಂದು ಕಂಪನಿಯ ಸೇನೆ ತಿರುನೆಲ್ವೇಲಿಯ ಕಡೆಯಿಂದ ಬಂದು, ಗಡಿಯ ಆರಲ್ವಾಯ್ಮೊಳಿ ಕಣಿವೆಯ ಕೋಟೆಸಾಲನ್ನು ಹಿಡಿದು ಒಳಹೊಕ್ಕಿತು. ತಂಪಿ ಉತ್ತರಕ್ಕೆ ಓಡಿದ. ಗಡಿ ದಾಟಿದ್ದು ಪರಕೀಯರ ಸೇನೆ, ನಿಜ. ಆದರೆ ಕಾಡುಮೇಡಿನಲ್ಲಿ ಅವನ ಜಾಡು ಹಿಡಿದವರು ಯಾರು? ಅವನು ನಿನ್ನೆಯವರೆಗೆ ನಡೆಸಿದ ಸರ್ಕಾರದವರೇ. ಹೊಸ ದಿವಾನ ಉಮ್ಮಿಣಿ ತಂಪಿಯ ಆಳುಗಳು. ಮಣ್ಣಡಿಯ ಭಗವತಿ ಗುಡಿಯಲ್ಲಿ ಅವರು ಸುತ್ತುವರಿದಾಗ ತಂಪಿ ಸೆರೆಸಿಕ್ಕದೆ ಪ್ರಾಣ ಬಿಟ್ಟ. ಹೆಣವನ್ನು ತಿರುವನಂತಪುರಕ್ಕೆ ಹೊತ್ತುತಂದು ಕಣ್ಣಮ್ಮೂಲೆಯಲ್ಲಿ ತೂಗುಹಾಕಿದರು. ಗವರ್ನರ್ ಜನರಲ್ ಮಿಂಟೋ ಕೂಡ ಈ ಕೃತ್ಯವನ್ನು ಖಂಡಿಸಿದ.