ಆನೆ ಎಲ್ಲಿದೆ, ಯಾರಿಗೆ ಹೇಳಬೇಕು?



ಹೇಮಾವತಿ ಹುಟ್ಟುವ ಜಾವಳಿ ಕಡೆಯ ಗುಡ್ಡಗಳಲ್ಲಿ ಬೆಳಿಗ್ಗೆ ಮೊಬೈಲ್ ಹಿಡಿದರೆ ಮೊದಲ ಸುದ್ದಿ ಆನೆಯದೇ. ಯಾವ ತೋಟದಲ್ಲಿದೆ, ಎತ್ತ ಹೊರಟಿದೆ? ಕಾಫಿ ಕೊಯ್ಲಿಗೆ ಹೊರಟ ಆಳುಗಳಿಗೆ, ಶಾಲೆಗೆ ನಡೆಯುವ ಮಕ್ಕಳಿಗೆ ಈ ಮಾತು ತಡವಾಗಬಾರದು. 2022ರ ಕೊನೆಯಲ್ಲಿ ಸರ್ಕಾರ ನಮ್ಮ ಜಿಲ್ಲೆಗೂ ಆನೆ ಕಾರ್ಯಪಡೆ ಕೊಟ್ಟಿತು. ಊರ ಹುಡುಗರೂ ಸಂಬಳವಿಲ್ಲದೆ ಜೊತೆಗೆ ನಿಲ್ಲುತ್ತಾರೆ.

ಆನೆ ಓಡಿಸುತ್ತಿರುವಾಗಲೇ ಅವರಲ್ಲೊಬ್ಬ ವಿಡಿಯೊ ಹರಿಬಿಟ್ಟರೆ? ಜನ ಬೈಕ್ ಏರಿ ಬರುತ್ತಾರೆ, ದಾರಿ ಕಟ್ಟುತ್ತದೆ, ಬೆದರಿದ ಆನೆ ಕೂಲಿ ಲೈನಿನತ್ತ ತಿರುಗುತ್ತದೆ. ದಂತದ ಮೇಲೆ ಕಣ್ಣಿಟ್ಟವರ ಕೈಯಲ್ಲೂ ಫೋನ್ ಇರುತ್ತದಲ್ಲ!

ಕಾರ್ಯಾಚರಣೆಯನ್ನು ಆಗಲೇ ತೋರಿಸಿದರೆ ಏನಾಗುತ್ತದೆ ಎಂಬುದನ್ನು 2008ರ ಮುಂಬಯಿ ದಾಳಿಯಲ್ಲಿ ಕಂಡಿದ್ದೇವೆ. ಕಮಾಂಡೊಗಳ ಚಲನವಲನ ಟಿವಿಯಲ್ಲಿ ನೇರವಾಗಿ ಬರುತ್ತಿತ್ತು. ಗಡಿಯಾಚೆ ಕೂತವರು ಅದನ್ನು ನೋಡುತ್ತಲೇ ಫೋನಿನಲ್ಲಿ ದಾಳಿಕೋರರಿಗೆ ಸೂಚನೆ ಕೊಟ್ಟರು. ಅಂಥ ನೇರಪ್ರಸಾರಕ್ಕೆ ನಿಯಮದ ತಡೆ ಬಿದ್ದದ್ದು 2015ರಲ್ಲಿ. ಆರು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಆನೆ ಈ ಭಾಗದಲ್ಲಿದೆ, ಈ ರಸ್ತೆ ಬೇಡ ಎಂಬುದು ಎಲ್ಲರಿಗೂ ತಿಳಿಯಲಿ. ನಿಂತ ಜಾಗದ ಗುರುತು, ಓಡಿಸುವವರ ದಾರಿ ಅರಣ್ಯ ಸಿಬ್ಬಂದಿಗೆ ಸಾಕು. ವಿಡಿಯೊ ಹಾಕಲೇಬೇಕೆಂದರೆ, ಆನೆ ಕಾಡು ಸೇರಿದ ಮರುದಿನ ಹಾಕಲಿ.